ಕರಾವಳಿಯ ಥಂಡಿಯಲ್ಲಿ ಫ್ರಿಜ್ಜಿನ ಕರೆಂಟು ಖರ್ಚು

ಮೆಸ್ಕಾಂನ ಕರೆಂಟು ಬಿಲ್ಲು ಜಾಸ್ತಿ ಬಂದರೆ ನಮ್ಮ ಉಡುಪಿಯ ಮನೆಗಳಲ್ಲಿ ಮೊದಲು ಫ್ರಿಜ್ಜಿನ ಮೇಲೆ ಸಂಶಯ. ಹಗಲು ರಾತ್ರಿ ಓಡುತ್ತದಲ್ವಾ, ಅದಕ್ಕೆ. ಸುಮ್ನೆ ಬೈಯುವ ಮೊದಲು ಲೆಕ್ಕ ನೋಡಿ. ಬಾಗಿಲಿನ ಸ್ಟಾರ್ ಚೀಟಿಯಲ್ಲಿ ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುತ್ತದೆ. 200 ಅಂತ ಇದ್ದರೆ ತಿಂಗಳಿಗೆ 16 ಯೂನಿಟ್ ಚಿಲ್ಲರೆ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ ನೂರು ರೂಪಾಯಿ ಆಸುಪಾಸು. 2000 ವ್ಯಾಟಿನ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್, ಫ್ರಿಜ್ಜಿಗಿಂತ ಜಾಸ್ತಿ ಆಗುತ್ತದೆ.

ಆದರೆ ಚೀಟಿಯ ಅಂಕಿ ಪರೀಕ್ಷೆ ಮಾಡುವ ಕೋಣೆಯದ್ದು, ನಿಮ್ಮ ಅಡುಗೆಮನೆಯದ್ದಲ್ಲ. ಎಲ್ಲರೂ ಮದುವೆಗೋ ಭೂತಕೋಲಕ್ಕೋ ಹೊರಟ ದಿನ ಫ್ರಿಜ್ಜು ಬಿಟ್ಟು ಉಳಿದ ಸ್ವಿಚ್ಚೆಲ್ಲ ಆರಿಸಿ, ಮೀಟರಿನ ಅಂಕಿ ಬರೆದಿಡಿ. ಬಂದ ಮೇಲೆ ಮತ್ತೆ ನೋಡಿ. ಬಾಗಿಲು ತೆರೆಯದೆಯೇ ಇಷ್ಟು ತಿನ್ನುತ್ತದೆ ಅಂತ ಗೊತ್ತಾಗುತ್ತದೆ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿಯವರಿಗೆ ಇದು ಇನ್ನೂ ಮುಖ್ಯ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು.

ನಮ್ಮ ಊರಲ್ಲಿ ಖರ್ಚು ಏರಿಸುವುದು ಗಾಳಿಯ ಥಂಡಿ, ಅಂದರೆ ತೇವ. ಬಾಗಿಲು ತೆರೆದಾಗಲೆಲ್ಲ ಒದ್ದೆ ಗಾಳಿ ಒಳಗೆ ನುಗ್ಗುತ್ತದೆ. ಅದರ ನೀರು ಫ್ರೀಜರಿನಲ್ಲಿ ಐಸ್ ಆಗಿ ಕಟ್ಟುತ್ತದೆ. ಐಸ್ ದಪ್ಪ ಆದಷ್ಟೂ ತಂಪು ಒಳಗೆ ಹರಡುವುದಿಲ್ಲ, ಕಂಪ್ರೆಸರ್ ನಿಲ್ಲದೆ ಓಡುತ್ತದೆ. ಒಂದೇ ಬಾಗಿಲಿನ ಫ್ರಿಜ್ಜಿನಲ್ಲಿ ಐಸ್ ಅರ್ಧ ಬೆರಳು ದಪ್ಪ ಆಗುವ ಮೊದಲೇ ಡಿಫ್ರಾಸ್ಟ್ ಗುಂಡಿ ಒತ್ತಿ. ಮಳೆ ಜೋರಿರುವ ಆಟಿ ತಿಂಗಳಲ್ಲಿ ಇದನ್ನು ಬೇಗ ಬೇಗ ಮಾಡಬೇಕಾಗುತ್ತದೆ. ಚೂರಿ ಹಾಕಿ ಐಸ್ ಕೀಳಬೇಡಿ ಮಾರಾಯ್ರೆ, ಪೈಪು ತೂತಾದರೆ ಗ್ಯಾಸ್ ಹೋಗಿ ಸಾವಿರಗಟ್ಟಲೆ ದಂಡ. ಹಿಂದಿನ ತಟ್ಟೆಯ ನೀರನ್ನೂ ಚೆಲ್ಲಿ, ಅಲ್ಲಿ ಸೊಳ್ಳೆ ಮೊಟ್ಟೆ ಇಡುತ್ತದೆ.

ಬಾಗಿಲಿನ ರಬ್ಬರು ನೋಡಿ. ಮಳೆಗಾಲದಲ್ಲಿ ಅದರ ಮಡಿಕೆಯಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಸೋಪು ನೀರಲ್ಲಿ ಒರೆಸಿ, ಒಣಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ. ಆಮೇಲೆ ಒಂದು ನೋಟು ಸಿಕ್ಕಿಸಿ ಬಾಗಿಲು ಮುಚ್ಚಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ರಬ್ಬರು ಬದಲಿಸುವ ಕಾಲ ಬಂತು. ನಾನು ಹೊಸ ಫ್ರಿಜ್ಜು ಕೊಳ್ಳಿ ಅನ್ನುವ ಮೊದಲು ಇದನ್ನೇ ಮಾಡಿಸಿ ಅನ್ನುತ್ತೇನೆ.

ಬಿಸಿ ಸಾರು, ಗಂಜಿ ಆರಿದ ಮೇಲೆ ಇಡಿ. ದೋಸೆ ಹಿಟ್ಟಿಗೂ ಗಸಿಗೂ ಮುಚ್ಚಳ ಬೇಕು, ತೆರೆದಿಟ್ಟರೆ ಅದರ ನೀರೂ ಐಸಾಗುತ್ತದೆ. ಜೂನ್, ಜುಲೈಯಲ್ಲಿ ಟ್ರಾಲ್ ಬೋಟು ನಿಲ್ಲುತ್ತದೆ ಅಂತ ಮೇಯಲ್ಲೇ ಬಂಗುಡೆ ತುಂಬಿಸಿಡುವವರು ಒಂದೇ ಸಲಕ್ಕೆ ಎಲ್ಲವನ್ನೂ ತುರುಕಬೇಡಿ. ಒಂದೊಂದು ಹೊತ್ತಿನ ಅಡುಗೆಗೆ ಬೇಕಾದಷ್ಟು ಪೊಟ್ಟಣ ಕಟ್ಟಿದರೆ ಹುಡುಕುತ್ತಾ ಬಾಗಿಲು ತೆರೆದು ನಿಲ್ಲುವುದೂ ತಪ್ಪುತ್ತದೆ.

ರಾತ್ರಿ ಫ್ರಿಜ್ಜು ಆರಿಸುವ ಅಭ್ಯಾಸ ಬಿಟ್ಟುಬಿಡಿ. ಬೆಳಿಗ್ಗೆ ಮತ್ತೆ ತಂಪು ಮಾಡಲು ಅದು ಒಂದೇ ಸಮ ಓಡುತ್ತದೆ, ಉಳಿತಾಯ ಬಹಳ ಕಡಿಮೆ. ಮೀನು, ಹಾಲು ಕೆಟ್ಟರೆ ನಷ್ಟವೇ ಜಾಸ್ತಿ. ವಾರಗಟ್ಟಲೆ ಪರವೂರಿಗೆ ಹೋಗುವಾಗ ಮಾತ್ರ ಪೂರ್ತಿ ಖಾಲಿ ಮಾಡಿ, ಒರೆಸಿ, ಪ್ಲಗ್ ತೆಗೆಯಿರಿ. ಬಾಗಿಲ ಸಂದಿಗೆ ಬಟ್ಟೆಯ ಸುರುಳಿ ಇಟ್ಟು ಸ್ವಲ್ಪ ತೆರೆದೇ ಬಿಡಿ, ಇಲ್ಲದಿದ್ದರೆ ಒಳಗೆಲ್ಲ ಬೂಷ್ಟು ಹಿಡಿದು ನಾರುತ್ತದೆ.