ಪ್ಯಾರಾಶೂಟ್ ಬಿಚ್ಚುವ ಮುನ್ನ ವೇಗ ನೋಡಿ

ಕರ್ಬಲ್ ಸ್ಪೇಸ್ ಪ್ರೋಗ್ರಾಂ ಆಟದಲ್ಲಿ ರಾಕೆಟ್ ಹಾರಿಸುವುದು ಬೇಗ ಕೈ ಹತ್ತುತ್ತದೆ. ಒಳಗಿರುವ ಪುಟ್ಟ ಗಗನಯಾನಿಗಳನ್ನು ಜೀವಂತವಾಗಿ ನೆಲಕ್ಕೆ ತರುವುದೇ ಕಷ್ಟ. ಹೊಸಬರು ಪ್ಯಾರಾಶೂಟ್ ಹಾಕಲು ಮರೆಯುವುದಿಲ್ಲ, ಬಿಚ್ಚಲು ಅವಸರ ಮಾಡುತ್ತಾರೆ.

ರಾಕೆಟ್ ಕಟ್ಟುವಾಗಲೇ ಇಳಿಯುವ ತಯಾರಿ ಆಗಬೇಕು. ಕ್ಯಾಪ್ಸೂಲಿನ ತುದಿಗೆ ಎಂಕೆ16 ಪ್ಯಾರಾಶೂಟ್, ತಳಕ್ಕೆ ಬಿಸಿ ತಡೆಯುವ ಹೀಟ್ ಶೀಲ್ಡ್, ಅದರ ಕೆಳಗೆ ಎಂಜಿನ್ ಭಾಗವನ್ನು ಕಳಚುವ ಡಿಕಪ್ಲರ್ ಕೂರಿಸಿ. ಆಮೇಲೆ ಸ್ಟೇಜ್ ಪಟ್ಟಿ, ಅಂದರೆ ಯಾವ ಭಾಗ ಯಾವ ಸರದಿಯಲ್ಲಿ ಶುರುವಾಗಬೇಕು ಎಂಬ ಪಟ್ಟಿ ನೋಡಿ. ಕೊನೆಯ ಸ್ಟೇಜಿನಲ್ಲಿ ಪ್ಯಾರಾಶೂಟ್ ಮಾತ್ರ ಇರಬೇಕು. ಎಂಜಿನ್ ಜೊತೆ ಸೇರಿಕೊಂಡಿದ್ದರೆ ಸ್ಪೇಸ್ ಬಾರ್ ಒತ್ತಿದ ಕೂಡಲೇ ಎರಡೂ ಶುರುವಾಗುತ್ತವೆ!

ಕಕ್ಷೆಯಿಂದ ಇಳಿಯಲು ನೌಕೆಯ ಮೂತಿಯನ್ನು ರೆಟ್ರೋಗ್ರೇಡ್ ಗುರುತಿಗೆ (ಸಾಗುತ್ತಿರುವ ದಿಕ್ಕಿಗೆ ವಿರುದ್ಧ) ತಿರುಗಿಸಿ ಎಂಜಿನ್ ಉರಿಸಿ. ಪೆರಿಯಾಪ್ಸಿಸ್, ಅಂದರೆ ಕಕ್ಷೆಯ ಅತಿ ತಗ್ಗಿನ ಬಿಂದು, 30-35 ಕಿ.ಮೀ.ಗೆ ಇಳಿದರೆ ಸಾಕು. ಎಫ್5 ಒತ್ತಿ ಆಟ ಉಳಿಸಿಕೊಳ್ಳಿ. ಆಟದ ಭೂಮಿಯಂಥ ಗ್ರಹ ಕರ್ಬಿನ್‌ನ ಗಾಳಿ 70 ಕಿ.ಮೀ. ಎತ್ತರದಿಂದಲೇ ಶುರು. ಅಲ್ಲಿಗೆ ತಲುಪುವ ಮುನ್ನ ಎಂಜಿನ್ ಭಾಗ ಕಳಚಿ, ಅದೇ ಗುರುತನ್ನು ಹಿಡಿದಿರಿ. ಆಗ ಹೀಟ್ ಶೀಲ್ಡ್ ಮುಂದಿರುತ್ತದೆ.

ಈಗ ಸುಮ್ನೆ ಕಾಯಬೇಕು, ಇದೇ ಮುಖ್ಯ. ಕಕ್ಷೆಯಲ್ಲಿ ಸೆಕೆಂಡಿಗೆ 2,200 ಮೀಟರಿಗೂ ಜಾಸ್ತಿ ಇದ್ದ ವೇಗವನ್ನು ಬಹುಪಾಲು ಗಾಳಿಯೇ ತಿಂದುಹಾಕುತ್ತದೆ. ಪಟ್ಟಿಯಲ್ಲಿ ಪ್ಯಾರಾಶೂಟಿನ ಚಿತ್ರ ಕೆಂಪಗಿದ್ದರೆ ಬಿಚ್ಚಬೇಡಿ, ಹರಿದುಹೋಗುತ್ತದೆ. ಹಳದಿ ಇದ್ದರೂ ಅಪಾಯವೇ. ಬಣ್ಣ ಹೋದ ಮೇಲೆ ಒತ್ತಿ. ಮೊದಲು ಅರ್ಧ ಬಿಚ್ಚಿಕೊಳ್ಳುತ್ತದೆ, ನೆಲದಿಂದ 1,000 ಮೀಟರ್ ಎತ್ತರದಲ್ಲಿ ಪೂರ್ತಿ ಅರಳುತ್ತದೆ. ಈ ಎತ್ತರವನ್ನು ನೀವೇ ಬದಲಿಸಬಹುದು. ನೌಕೆ ಭಾರವಾಗಿದ್ದರೆ ಸ್ವಲ್ಪ ಮೇಲೆ ಇಟ್ಟುಕೊಳ್ಳಿ.

ನೆಲ ಹತ್ತಿರವಾದರೂ ಬಣ್ಣ ಕೆಂಪಗೇ ಉಳಿಯುತ್ತದೆಯೇ? ಮುಂದಿನ ಸಲ ಡ್ರೋಗ್ ಪ್ಯಾರಾಶೂಟ್ ಸೇರಿಸಿ. ಅದು ಹೆಚ್ಚಿನ ವೇಗ ತಡೆದುಕೊಂಡು, ದೊಡ್ಡದು ಬಿಚ್ಚುವಷ್ಟು ನಿಧಾನ ಮಾಡುತ್ತದೆ.

ಎಂಕೆ1 ಕ್ಯಾಪ್ಸೂಲ್ ಸೆಕೆಂಡಿಗೆ 14 ಮೀಟರ್ ವೇಗದ ಏಟು ತಾಳುತ್ತದೆ. ಆದರೂ 6-7 ಮೀಟರಿಗೆ ಇಳಿಸುವುದು ಒಳ್ಳೆಯದು. ಇಲ್ಲೊಂದು ಲೆಕ್ಕ ಗೊತ್ತಿರಲಿ: ಪ್ಯಾರಾಶೂಟ್ ಎರಡಾದರೆ ವೇಗ ಅರ್ಧ ಆಗುವುದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ ಅಲ್ವಾ, ಹಾಗಾಗಿ ವೇಗ ಅರ್ಧವಾಗಲು ನಾಲ್ಕು ಬೇಕು.

ಡ್ಯೂನಾ ಗ್ರಹದಲ್ಲಿ ಗಾಳಿ ತೀರಾ ತೆಳು. ಅಲ್ಲಿ ಪ್ಯಾರಾಶೂಟ್ ಜೊತೆಗೆ ನೆಲ ಮುಟ್ಟುವ ಮುನ್ನ ಎಂಜಿನ್ ಕೂಡ ಉರಿಸಲು ಇಂಧನ ಉಳಿಸಿಕೊಳ್ಳಿ. ಮನ್ ಎಂಬ ಚಂದ್ರನಲ್ಲಂತೂ ಗಾಳಿಯೇ ಇಲ್ಲ, ಪೂರ್ತಿ ಎಂಜಿನ್ ಬಲದಲ್ಲೇ ಇಳಿಯಬೇಕು.