0.5 ಅಂದ್ರೆ ಅರ್ಧ ಕೆಜಿ ಅಂದುಕೊಂಡ ದಿನ

ಪೀಣ್ಯದಲ್ಲಿ ಮೆಂಟೆನೆನ್ಸ್ ಕೆಲಸಕ್ಕೆ ಸೇರಿದಾಗ ನಾನು ಮೊದಲು ಕಲಿತ ಮಾತು ‘ಕೆಜಿ’. ‘ಗಾಳಿ ಲೈನ್‌ನಲ್ಲಿ ಎಷ್ಟಿದೆಯೋ?’ ಅಂತ ಸೀನಿಯರ್ ಕೂಗಿದರೆ ‘ಏಳು ಕೆಜಿ ಸಾರ್’ ಅನ್ನಬೇಕು. ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಏಳು ಕೆಜಿ ಭಾರ ಕೂತಷ್ಟು ಒತ್ತಡ ಅಂತ ಅದರ ಅರ್ಥ. ಅಷ್ಟುದ್ದ ಯಾರು ಹೇಳ್ತಾರೆ? ಕಂಪ್ರೆಸರ್ ಗೇಜಿನಲ್ಲಿ ಎರಡು ಸುತ್ತು ಅಂಕಿ ಇದ್ದವು. ಒಳಸುತ್ತು ಕೆಜಿ, ಹೊರಸುತ್ತು ಪಿಎಸ್‌ಐ, ಅಂದರೆ ಒಂದು ಚದರ ಇಂಚಿನ ಮೇಲೆ ಎಷ್ಟು ಪೌಂಡ್ ಅನ್ನೋ ಲೆಕ್ಕ. ಹೊರಸುತ್ತಿನ ಕಡೆ ನಾವ್ಯಾರೂ ತಿರುಗಿಯೂ ನೋಡುತ್ತಿರಲಿಲ್ಲ.

ಹಾಗಿರುವಾಗ ಒಂದು ಜಪಾನಿ ಮಷೀನ್ ಬಂತು. ಜಾಬನ್ನು ಒತ್ತಿ ಹಿಡಿಯುವ ಕ್ಲ್ಯಾಂಪಿಗೆ ಐದು ಕೆಜಿ ಗಾಳಿ ಇಡು ಅಂತ ಸೂಪರ್‌ವೈಸರ್ ಹೇಳಿ ಹೋದರು. ಒತ್ತಡ ಹೆಚ್ಚುಕಮ್ಮಿ ಮಾಡುವ ರೆಗ್ಯುಲೇಟರ್ ಮೇಲೆ ಪುಟ್ಟದೊಂದು ಗೇಜ್. ಮುಳ್ಳು 0.5ರಲ್ಲಿ ನಿಂತಿತ್ತು. ಡಯಲ್ ಮುಗಿಯುವುದೇ 1ಕ್ಕೆ. ಅರ್ಧ ಕೆಜಿ ಇದೆ ಅಂದುಕೊಂಡೆ. ನಾಬ್ ಮೇಲಕ್ಕೆಳೆದು ತಿರುಗಿಸಿದೆ, ಇನ್ನೂ ತಿರುಗಿಸಿದೆ. 0.7ಕ್ಕೆ ಬಂದು ಮುಳ್ಳು ನಿಂತೇಬಿಟ್ಟಿತು. ಎಲ್ಲೋ ಲೀಕ್ ಇರಬೇಕು ಅಂತ ಸೋಪ್ ನೀರು ತಂದು ಜಾಯಿಂಟ್‌ಗಳಿಗೆ ಹಚ್ಚುತ್ತಾ ಕೂತೆ. ಅಷ್ಟರಲ್ಲಿ ಆಪರೇಟರ್ ಬಟನ್ ಒತ್ತಿದ. ಟಪ್ ಅಂತ ಸದ್ದು. ಪ್ಲಾಸ್ಟಿಕ್ ಜಾಬ್ ನಡುವೆ ಸೀಳಿತ್ತು. ಇನ್ನೆರಡು ಪೀಸ್ ಹೋದಮೇಲೆ ಟಾರ್ಚ್ ಬೆಳಕು ಬಿಟ್ಟು ಗೇಜ್ ನೋಡಿದೆ. ಕೆಳಗೆ ಇರುವೆ ಗಾತ್ರದ ಅಕ್ಷರ: ಎಂಪಿಎ. ಮೆಗಾಪ್ಯಾಸ್ಕಲ್. ಒಂದು ಮೆಗಾಪ್ಯಾಸ್ಕಲ್ ಅಂದ್ರೆ ಹತ್ತು ಬಾರ್, ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ ಹತ್ತು ಕೆಜಿ. ಅಂದರೆ ಮೊದಲು ಇದ್ದ 0.5 ಸರಿಯಾಗೇ ಇತ್ತು. ನಾನು ಲೈನಿನ ಪೂರ್ತಿ ಏಳು ಕೆಜಿಯನ್ನೂ ಒಳಗೆ ಬಿಟ್ಟಿದ್ದೆ!

ಆ ಕ್ಲ್ಯಾಂಪನ್ನು ತಳ್ಳುವ ಸಿಲಿಂಡರಿನ ಬೋರ್, ಅಂದರೆ ಒಳವ್ಯಾಸ, 50 ಮಿಮೀ. ಪಿಸ್ಟನ್ ಮುಖದ ವಿಸ್ತೀರ್ಣ 19.6 ಚದರ ಸೆಂಮೀ. ಐದರಿಂದ ಗುಣಿಸಿ, 98 ಕೆಜಿ. ಏಳರಿಂದ ಗುಣಿಸಿ, 137. ಒಬ್ಬ ನಿಲ್ಲಬೇಕಾದ ಸ್ಟೂಲಿನ ಮೇಲೆ ಇಬ್ಬರನ್ನು ಹತ್ತಿಸಿದ ಹಾಗೆ. ಬೈಗುಳ ತಿಂದೆ, ಅದು ಬೇರೆ ಕಥೆ.

ಆಮೇಲೆ ಹಟ ಹಿಡಿದು ಯಾವ ಅಳತೆಗೆ ಯಾವುದು ಎಷ್ಟು ಅನ್ನೋ ಟೇಬಲ್ ಬಾಯಿಪಾಠ ಮಾಡಲು ನೋಡಿದೆ. ವಾರದಲ್ಲಿ ಎಲ್ಲಾ ಕಲಸಿಹೋಯಿತು. ತಲೆಯಲ್ಲಿ ನಿಂತದ್ದು ನೀರು ಮಾತ್ರ. ಒಂದು ಚದರ ಸೆಂಮೀ ಬಾಯಿಯ ಕೊಳವೆಯಲ್ಲಿ ಹತ್ತು ಮೀಟರ್ ಎತ್ತರಕ್ಕೆ ನೀರು ತುಂಬಿ ಅಂದುಕೊಳ್ಳಿ. ಸಾವಿರ ಸಿಸಿ, ಅಂದರೆ ಒಂದು ಲೀಟರ್, ಅಂದರೆ ಒಂದು ಕೆಜಿ. ತಳದಲ್ಲಿ ಒತ್ತಡ ಒಂದು ಕೆಜಿ. ಇಷ್ಟು ಗೊತ್ತಿದ್ದರೆ ಪಂಪಿನ ಪ್ಲೇಟ್ ಮೇಲೆ ‘ಹೆಡ್ 40 ಮೀಟರ್’ (ನೀರು ಎತ್ತುವ ಎತ್ತರ) ಅಂತ ಇದ್ದಾಗ ನಾಲ್ಕು ಕೆಜಿ ಅಂತ ತಾನಾಗೇ ಹೊಳೆಯುತ್ತದೆ. ಬೋರ್‌ವೆಲ್‌ನವರು ಅಡಿ ಲೆಕ್ಕ ಹೇಳಿದರೆ 33 ಅಡಿಗೆ ಒಂದು ಕೆಜಿ ಹಿಡಿಯುತ್ತೇನೆ. ಪಿಎಸ್‌ಐ ಬೇಕಾದರೆ 2.31 ಅಡಿಗೆ ಒಂದು.

ಗೇಜ್ ಮೇಲೆ ಅನುಮಾನ ಬಂದರೂ ನೀರೇ ಸಾಕ್ಷಿ. ಟ್ಯಾಂಕ್ ನೀರಿನ ಮಟ್ಟ ನಲ್ಲಿಯಿಂದ 12 ಮೀಟರ್ ಮೇಲಿದೆ ಅಂದುಕೊಳ್ಳಿ. ಬೇರೆ ನಲ್ಲಿಗಳನ್ನೆಲ್ಲ ಮುಚ್ಚಿ ಗೇಜ್ ಕಟ್ಟಿದರೆ 1.2 ಕೆಜಿ ತೋರಿಸಬೇಕು, ಪಿಎಸ್‌ಐ ಆದರೆ 17. ನೀರು ಹರಿಯುತ್ತಿದ್ದರೆ ಕಮ್ಮಿ ತೋರಿಸುತ್ತೆ, ಆಗ ಗೇಜನ್ನು ಬಯ್ಯಬೇಡಿ.

ಬಾರ್ ಮತ್ತು ಕೆಜಿ ನಡುವೆ ಇರುವುದು ಬರೀ ಎರಡು ಪರ್ಸೆಂಟ್. ಒಂದು ಬಾರ್ ಅಂದರೆ 1.02 ಕೆಜಿ, 14.5 ಪಿಎಸ್‌ಐ. ಗಾಳಿ ಲೈನಿಗೆ ಎರಡನ್ನೂ ಒಂದೇ ಅಂತ ಓದುತ್ತೇನೆ, ಮುಳ್ಳಿನ ದಪ್ಪದಲ್ಲೇ ಆ ವ್ಯತ್ಯಾಸ ಮುಚ್ಚಿಹೋಗುತ್ತೆ. ಎಣ್ಣೆ ಒತ್ತಡದ ಹೈಡ್ರಾಲಿಕ್‌ನಲ್ಲಿ ಈ ಸಲುಗೆ ಬೇಡ. 210 ಬಾರ್ ಅಂದರೆ 214 ಕೆಜಿ. ಟೆಸ್ಟ್ ಸರ್ಟಿಫಿಕೇಟ್ ಬರೆಯುವಾಗಲಂತೂ ಕ್ಯಾಲ್ಕ್ಯುಲೇಟರ್ ತೆಗೆದು 1.0197ರಿಂದಲೇ ಗುಣಿಸುತ್ತೇನೆ.

ನನ್ನನ್ನು ಜಾಸ್ತಿ ಕಾಡಿದ್ದು ವ್ಯಾಕ್ಯೂಮ್. ಗಾಳಿ ಹೀರಿ ತೆಗೆಯುವ ಪ್ಯಾಕಿಂಗ್ ಮಷೀನಿನ ಗೇಜಿನಲ್ಲಿ ಪಾದರಸದ ಕಂಬದ ಎತ್ತರದ ಲೆಕ್ಕ, 0ಯಿಂದ 760 ಮಿಮೀವರೆಗೆ. ನಮ್ಮ ಪಂಪ್ ಏನು ಮಾಡಿದರೂ 680ರ ಆಸುಪಾಸಿನಲ್ಲಿ ನಿಲ್ಲುತ್ತಿತ್ತು. ಆಯಿಲ್ ಬದಲಾಯಿಸಿದೆ. ಪಂಪಿನೊಳಗಿನ ವೇನ್ (ರೆಕ್ಕೆ) ಬದಲಾಯಿಸಿದೆ. ಎರಡು ದಿನ ಹೋಯಿತು. ಪಂಪಿಗೆ ಏನೂ ಆಗಿರಲಿಲ್ಲ ರೀ! ಗೇಜ್ ತೋರಿಸುವುದು ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ಇರುವ ವ್ಯತ್ಯಾಸ. 760 ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಇರುವುದು 900 ಮೀಟರಿಗೂ ಮೇಲೆ. ಇಲ್ಲಿ ಹೊರಗಿನ ಗಾಳಿಯೇ ಸುಮಾರು 910 ಮಿಲಿಬಾರ್, ಪಾದರಸದಲ್ಲಿ 683 ಮಿಮೀ. ಇರುವುದೇ ಅಷ್ಟಾದರೆ ಪಂಪ್ ಇನ್ನೆಲ್ಲಿಂದ ತೆಗೆಯಬೇಕು? ಅದೇ ಪಂಪನ್ನು ಮಂಗಳೂರಿಗೆ ಒಯ್ದರೆ 750 ದಾಟುತ್ತದೆ.

ಅಂದಿನಿಂದ ಯಾರಾದರೂ ಸುಮ್ನೆ ‘ಐದು ಬಾರ್’ ಅಂದರೆ ಗೇಜ್ ಲೆಕ್ಕವೋ, ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿದ ಆಬ್ಸಲ್ಯೂಟೋ ಅಂತ ಕೇಳುತ್ತೇನೆ. ಗೇಜಿನಲ್ಲಿ 5 ಇದ್ದರೆ ಆಬ್ಸಲ್ಯೂಟ್ ಇಲ್ಲಿ 5.9, ಕರಾವಳಿಯಲ್ಲಿ 6. ಕೇಳಿದರೆ ಕೆಲವರಿಗೆ ಕಿರಿಕಿರಿ ಆಗುತ್ತೆ. ಆಗಲಿ.

ಮೊನ್ನೆ ತಮ್ಮನ ಹೊಸ ಕಾರಿಗೆ ಗಾಳಿ ಹಾಕಿಸಲು ಹೋಗಿದ್ದೆವು. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ 230 ಅಂತಿತ್ತು, ಕಿಲೋಪ್ಯಾಸ್ಕಲ್‌ನಲ್ಲಿ. ತಮ್ಮ ಕಿಟಕಿಯಿಂದಲೇ ‘ಇನ್ನೂರ ಮೂವತ್ತು ಹಾಕಪ್ಪ’ ಅಂದ. ಪಂಕ್ಚರ್ ಅಂಗಡಿ ಹುಡುಗ ಪೈಪ್ ಹಿಡಿದುಕೊಂಡು ನನ್ನ ಮುಖ ನೋಡಿದ. ಒಂದು ಪಿಎಸ್‌ಐಗೆ ಸುಮಾರು ಏಳು ಕಿಲೋಪ್ಯಾಸ್ಕಲ್. ಏಳರಿಂದ ಭಾಗಿಸಿ ‘33’ ಅಂದೆ.