ನೀರನ್ನು ಹಿಂದಕ್ಕೆ ಹರಿಸಿದ ಸ್ಪ್ಲೈನ್

ಪೈಪಿನಲ್ಲಿ ಹರಿಯುವ ನೀರನ್ನು ನಿಮಿಷಕ್ಕೊಮ್ಮೆ ಅಳೆದ ಅಂಕಿಗಳು ನನ್ನ ಹತ್ತಿರ ಇದ್ದವು. ಅವುಗಳ ಮೇಲೆ ನುಣುಪಾದ ಗೆರೆ ಎಳೆಯಬೇಕಿತ್ತು. ಕ್ಯೂಬಿಕ್ ಸ್ಪ್ಲೈನ್ ಹಾಕಿದೆ, ಅಂದರೆ ಮೂರನೇ ಘಾತದ (x³ವರೆಗಿನ) ತುಂಡುಗಳನ್ನು ಜೋಡಿಸಿ ಎಲ್ಲ ಬಿಂದುಗಳ ಮೂಲಕ ಹಾಯಿಸುವ ಗೆರೆ. ಚೆನ್ನಾಗೇ ಬಂತು, ಒಂದು ಜಾಗ ಬಿಟ್ಟು. ಪಂಪ್ ಆನ್ ಆಗುವುದಕ್ಕೆ ಸ್ವಲ್ಪ ಮುಂಚೆ ಗೆರೆ ಸೊನ್ನೆಗಿಂತ ಕೆಳಗೆ ಇಳಿದಿತ್ತು. ಅಂದರೆ ನೀರು ವಾಪಸ್ ಹೋಗುತ್ತಿದೆ ಅಂತ ಅರ್ಥ!

ಮೊದಲು ಅನುಮಾನ ಬಂದಿದ್ದು ನನ್ನ ಕೋಡ್ ಮೇಲೆ. ಹಿಂದೊಮ್ಮೆ ಬಿಂದುಗಳ ನಡುವಿನ ಅಂತರ ಒಂದೇ ಸಮ ಇಲ್ಲದಿದ್ದರೂ ಇದೆ ಅಂದುಕೊಂಡು ಬರೆದು, ಗೆರೆಯಲ್ಲಿ ಮೂಲೆಗಳು ಮೂಡಿದ್ದವು. ಹಾಗಾಗಿ ಈ ಸಲ ಪೇಪರ್ ಪೆನ್ನು ಹಿಡಿದು ಕೂತೆ.

ತೊಂದರೆ ಇದ್ದ ಜಾಗದ ಐದೇ ಬಿಂದು ತೆಗೆದುಕೊಂಡೆ. ಸಮಯ 0, 1, 2, 3, 4. ಹರಿವು 0, 0, 0, 1, 1. ಪಂಪ್ ಪೂರ್ತಿ ಓಡುವಾಗಿನ ಹರಿವನ್ನೇ 1 ಅಂತ ಇಟ್ಟುಕೊಂಡೆ. ಸ್ಪ್ಲೈನ್‌ನಲ್ಲಿ ಪ್ರತಿ ಎರಡು ಬಿಂದುಗಳ ನಡುವೆ ಒಂದೊಂದು ಕ್ಯೂಬಿಕ್ ತುಂಡು ಇರುತ್ತದೆ. ತುಂಡುಗಳು ಸೇರುವ ಕಡೆ ಇಳಿಜಾರೂ ಹೊಂದಬೇಕು, ಎರಡನೇ ಡೆರಿವೇಟಿವ್ (ಇಳಿಜಾರು ಎಷ್ಟು ಬೇಗ ಬದಲಾಗುತ್ತದೆ ಅನ್ನುವುದು) ಕೂಡ ಹೊಂದಬೇಕು. ಎರಡೂ ತುದಿಯಲ್ಲಿ ಎರಡನೇ ಡೆರಿವೇಟಿವ್ ಸೊನ್ನೆ ಇಟ್ಟರೆ ಅದು ನ್ಯಾಚುರಲ್ ಸ್ಪ್ಲೈನ್. ಉಳಿದಿದ್ದು ನಡುವಿನ ಮೂರು ಬಿಂದುಗಳಲ್ಲಿ ಅದು ಎಷ್ಟು ಅನ್ನುವುದು. ಅವನ್ನು ಕ, ಖ, ಗ ಅಂದರೆ, ಇಳಿಜಾರು ಹೊಂದಬೇಕು ಅನ್ನುವುದರಿಂದ ಈ ಮೂರು ಸಮೀಕರಣ ಬರುತ್ತವೆ:

4ಕ + ಖ = 0
ಕ + 4ಖ + ಗ = 6
ಖ + 4ಗ = −6

ಬಿಡಿಸಿದರೆ ಕ ಸುಮಾರು −0.536, ಖ 2.143, ಗ −2.036. ಎರಡು ಬಿಂದುಗಳ ನಟ್ಟ ನಡುವಿನ ಬೆಲೆ ಬೇಕಿದ್ದರೆ ಅವುಗಳ ಸರಾಸರಿಯಿಂದ ಆ ಎರಡೂ ಬಿಂದುಗಳ ಎರಡನೇ ಡೆರಿವೇಟಿವ್‌ಗಳ ಮೊತ್ತದ ಹದಿನಾರನೇ ಒಂದು ಭಾಗ ಕಳೆದರಾಯಿತು. ಸಮಯ 1.5ರಲ್ಲಿ −0.10 ಬಂತು. 3.5ರಲ್ಲಿ 1.13. ಕೋಡ್ ತಪ್ಪಿರಲಿಲ್ಲ. ಸ್ಪ್ಲೈನ್ ಇರೋದೇ ಹಾಗೆ.

ಯಾಕೆ ಹಾಗೆ ಅಂತ ಮನಸ್ಸಿಗೆ ಹಿಡಿಸಿದ್ದು ಮಾತ್ರ ಒಂದು ಪ್ಲಾಸ್ಟಿಕ್ ಸ್ಕೇಲಿನಿಂದ. ಹಲಗೆಗೆ ಇದೇ ಐದು ಜಾಗದಲ್ಲಿ ಮೊಳೆ ಹೊಡೆದು, ತೆಳು ಸ್ಕೇಲನ್ನು ಎಲ್ಲಕ್ಕೂ ತಾಗುವಂತೆ ಬಾಗಿಸಿದೆ. ಮೇಲಕ್ಕೆ ಏರುವ ಮುಂಚೆ ಅದು ಕೆಳಕ್ಕೆ ಹೊಟ್ಟೆ ಬಿಟ್ಟಿತು! ಸ್ಪ್ಲೈನ್ ಅನ್ನುವ ಹೆಸರು ಬಂದಿದ್ದೂ ಇಂಥ ಪಟ್ಟಿಯಿಂದಲೇ. ಹಡಗಿನ ನಕ್ಷೆ ಬರೆಯುವವರು ತೆಳು ಮರದ ಪಟ್ಟಿಯನ್ನು ಸೀಸದ ತೂಕಗಳಿಂದ ಹಿಡಿದಿಟ್ಟು ಗೆರೆ ಎಳೆಯುತ್ತಿದ್ದರು. 1946ರಲ್ಲಿ ಗಣಿತಜ್ಞ ಷೋನ್‌ಬರ್ಗ್ ಆ ಹೆಸರನ್ನು ಗಣಿತಕ್ಕೆ ತಂದರು. ಪಟ್ಟಿಗೆ ಬೇಕಾಗಿರುವುದು ಆದಷ್ಟು ಕಡಿಮೆ ಬಾಗುವುದು, ಅಷ್ಟೇ. ನೀರು ಹಿಂದೆ ಹೋಗಬಾರದು ಅಂತ ಅದಕ್ಕೇನು ಗೊತ್ತು, ಅಲ್ವಾ?

ಹಾಗಾದರೆ ಎಲ್ಲ ಬಿಂದುಗಳಿಗೂ ಒಂದೇ ದೊಡ್ಡ ಪಾಲಿನಾಮಿಯಲ್ (x, x², x³ ಹೀಗೆ ಘಾತಗಳನ್ನು ಕೂಡಿಸಿದ ಸೂತ್ರ) ಹಾಕಬಹುದಿತ್ತಲ್ಲ ಅಂತ ಕೇಳಬಹುದು. ಬೇಡ. 1901ರಲ್ಲೇ ಗಣಿತಜ್ಞ ರುಂಗೆ ತೋರಿಸಿದ್ದಾರೆ: 1/(1+25x²) ಅನ್ನುವ ಸಾಧು ಗೆರೆಗೆ −1ರಿಂದ 1ರವರೆಗೆ ಸಮ ಅಂತರದಲ್ಲಿ 11 ಬಿಂದು ಇಟ್ಟು ಹತ್ತನೇ ಡಿಗ್ರಿಯ (x¹⁰ವರೆಗಿನ) ಪಾಲಿನಾಮಿಯಲ್ ಹಾಕಿದರೆ, ತುದಿಯ ಹತ್ತಿರ ತಪ್ಪು 1.9ಕ್ಕೆ ಹೋಗುತ್ತದೆ. ಗೆರೆಯ ಎತ್ತರವೇ 1! ಅದರ ಮುಂದೆ ಸ್ಪ್ಲೈನ್‌ನ ತಂಟೆ ಏನೂ ಅಲ್ಲ.

ಕೊನೆಗೆ ನಾನು ಬಳಸಿದ್ದು 1980ರಲ್ಲಿ ಫ್ರಿಚ್ ಮತ್ತು ಕಾರ್ಲ್‌ಸನ್ ಕೊಟ್ಟ ದಾರಿ. ಕೋಡ್ ಲೈಬ್ರರಿಗಳಲ್ಲಿ ಪಿಚಿಪ್ (PCHIP) ಅಂತ ಸಿಗುತ್ತದೆ. ಇದರಲ್ಲೂ ಕ್ಯೂಬಿಕ್ ತುಂಡುಗಳೇ, ಆದರೆ ಎರಡನೇ ಡೆರಿವೇಟಿವ್ ಹೊಂದಲೇಬೇಕು ಅಂತಿಲ್ಲ. ಒಂದು ಬಿಂದುವಿನಿಂದ ಅಕ್ಕಪಕ್ಕದ ಬಿಂದುಗಳಿಗೆ ನೆಟ್ಟಗೆ ಎಳೆದ ಗೆರೆಗಳ ಎರಡು ಇಳಿಜಾರುಗಳಲ್ಲಿ ಒಂದು ಸೊನ್ನೆ ಇದ್ದರೆ, ಅಥವಾ ಒಂದು ಏರಿ ಇನ್ನೊಂದು ಇಳಿದರೆ, ಆ ಬಿಂದುವಿನಲ್ಲಿ ಗೆರೆಯನ್ನು ಮಟ್ಟಸ ಮಾಡುತ್ತದೆ. ಈಗ 1.5ರಲ್ಲಿ ಸರಿಯಾಗಿ 0. ಆದರೆ ಇದು ಪುಕ್ಕಟೆ ಬರಲಿಲ್ಲ. ಸಮಯ 2ರಲ್ಲಿ ಎರಡನೇ ಡೆರಿವೇಟಿವ್ 0ಯಿಂದ 6ಕ್ಕೆ ದಿಢೀರನೆ ಹಾರುತ್ತದೆ. ರೋಬೋಟ್ ಕೈ ಓಡಿಸುವ ಗೆರೆಯಾಗಿದ್ದರೆ ಅಲ್ಲಿ ಜರ್ಕ್ ಹೊಡೆಯುತ್ತಿತ್ತು, ಆಗ ನಾನು ಹಳೇ ಸ್ಪ್ಲೈನನ್ನೇ ಇಟ್ಟುಕೊಳ್ಳುತ್ತಿದ್ದೆ. ನೀರಿನ ಗ್ರಾಫಿನಲ್ಲಿ ಅದು ಕಣ್ಣಿಗೂ ಬೀಳುವುದಿಲ್ಲ.

ಆಮೇಲೆ ಸುಮ್ನೆ ಒಟ್ಟು ಎಷ್ಟು ನೀರು ಹರಿಯಿತು ಅಂತ ಎರಡರಲ್ಲೂ ಲೆಕ್ಕ ಹಾಕಿದೆ. ಸ್ಪ್ಲೈನ್ 1.536 ಅಂತು, ಪಿಚಿಪ್ 1.5 ಅಂತು. ಬಿಂದುಗಳನ್ನು ನೆಟ್ಟಗೆ ಗೆರೆ ಎಳೆದು ಜೋಡಿಸಿದ್ದರೂ ಅದೇ 1.5 ಬರುತ್ತಿತ್ತು.